ಗುರಲಿಂಗಪ್ಪ ಮಾಸ್ತರರ ಐದು ಮೆಟ್ಟಿಲು

ಗುರಲಿಂಗಪ್ಪ ಮಾಸ್ತರರ ಹತ್ತಿರ ವರ್ಷಕ್ಕೊಮ್ಮೆ ಹೊರಗೆ ಬರುವ ಎರಡು ಆಸ್ತಿಗಳಿದ್ದವು. ಒಂದು ಕರಿ ಉಣ್ಣೆಯ ಕೋಟು, ಇನ್ನೊಂದು ಇಂಗ್ಲಿಷ್ ಪಾಠ. ಕೋಟು ಟ್ರಂಕಿನಲ್ಲಿ ಡಾಂಬರ ಗುಳಿಗೆಗಳ ಸಂಗಡ ಮಲಗಿರುತ್ತಿತ್ತು. ಪಾಠ ಅವರ ತಲೆಯಲ್ಲಿ, ಯಾವ ಗುಳಿಗೆಯ ಸಹಾಯವೂ ಇಲ್ಲದೆ, ಹನ್ನೆರಡು ವರ್ಷದಿಂದ ನುಸಿ ಹಿಡಿಯದೆ ಉಳಿದಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಇಂಗ್ಲಿಷ್ ಮಾಸ್ತರರು ವರ್ಷಕ್ಕೊಂದು ಊರಿನಲ್ಲಿ ಒಂದು ದಿನ ಕೂಡುತ್ತಿದ್ದರು. ಭಾಷಣ, ಉಪ್ಪಿಟ್ಟು, ಮತ್ತೆ ಭಾಷಣ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಸಾಹೇಬರ ಎದುರಿಗೆ ಒಂದು ಮಾದರಿ ಪಾಠ. ಅದಕ್ಕೊಂದು ರೂಢಿಯಿತ್ತು. ಪಾಠ ಮಾಡುವವರು ತಮ್ಮ ಮಕ್ಕಳನ್ನು ಕರೆದುಕೊಂಡು ಬರುವಂತಿಲ್ಲ. ಯಾವ ಊರಿನಲ್ಲಿ ಸಭೆಯೋ ಆ ಊರಿನವರೇ ಎಂಟನೇ ಇಯತ್ತೆಯ ಮೂವತ್ತು ಮಕ್ಕಳನ್ನು, ಮದುವೆ ಮನೆಗೆ ಪಾತ್ರೆ ಕೊಟ್ಟಂತೆ, ಎರವಲು ಕೊಡುತ್ತಿದ್ದರು. ಸಿಂದಗಿಯ ಹೈಸ್ಕೂಲಿನ ಗುರಲಿಂಗಪ್ಪನವರು ಹನ್ನೆರಡು ವರ್ಷ ಬಿಡದೆ ಈ ಪಾಠ ಮಾಡಿದ್ದರು. ಮೊದಲ ವರ್ಷ ಕರೆದಿದ್ದರು. ಮುಂದಿನ ಹನ್ನೊಂದು ವರ್ಷ ಯಾರೂ ಬೇಡವೆನ್ನಲಿಲ್ಲ, ಅಷ್ಟೇ.

ಪಾಠದ ವಿಷಯವೂ ಅದೇ. ಒಂದಕ್ಕಿಂತ ಇನ್ನೊಂದು ದೊಡ್ಡದು ಎನ್ನುವುದು ಯಾರಿಗಾದರೂ ಬರುತ್ತದೆ. ಎಷ್ಟು ದೊಡ್ಡದು ಎಂದು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಗುರಲಿಂಗಪ್ಪನವರು ಬೋರ್ಡಿನ ಮೇಲೆ ಐದು ಮೆಟ್ಟಿಲು ಬರೆಯುತ್ತಿದ್ದರು. ಕೆಳಗಿನದು ಸ್ಲೈಟ್ಲಿ, ಅದರ ಮೇಲೆ ಎ ಲಿಟ್ಲ್, ನಡುವೆ ರಾದರ್, ಅದರ ಮೇಲೆ ಮಚ್, ತುತ್ತ ತುದಿಗೆ ಫಾರ್. ಬಿಗರ್, ಟಾಲರ್, ಬೆಟರ್ ಎಂಬ ಮಾತುಗಳ ಮುಂದೆ ಈ ಐದರಲ್ಲಿ ಒಂದನ್ನು ನಿಲ್ಲಿಸಿದರೆ ಅಂತರ ಎಷ್ಟೆಂದು ತಿಳಿಯುತ್ತದೆ. ಇಂಥ ಮಾತುಗಳ ಮುಂದೆ ನಿಲ್ಲಲಾಗದ ‘ವೆರಿ’ ಎಂಬ ಶಬ್ದವನ್ನು ಮೆಟ್ಟಿಲಿನ ಹೊರಗೆ ಬರೆದು ಅದರ ಮೇಲೊಂದು ಅಡ್ಡಗೆರೆ ಎಳೆಯುತ್ತಿದ್ದರು, ಚಪ್ಪಲಿ ಹೊರಗೆ ಬಿಟ್ಟಂತೆ. ಆಮೇಲೆ ಎರವಲು ಮಕ್ಕಳಲ್ಲಿ ಎಲ್ಲರಿಗಿಂತ ಉದ್ದನೆಯ ಒಬ್ಬರನ್ನೂ ಎಲ್ಲರಿಗಿಂತ ಗಿಡ್ಡನೆಯ ಒಬ್ಬರನ್ನೂ ಆರಿಸಿ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ಸಭೆ ನಗುತ್ತಿತ್ತು. ಸಭೆ ನಕ್ಕಿತೆಂದರೆ ಪಾಠ ಗೆದ್ದಿತೆಂದು ಮಾಸ್ತರರ ಲೆಕ್ಕ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಆದ ಮರುವರ್ಷ, ಜೂನ್ ತಿಂಗಳಲ್ಲಿ, ಇದೇ ಶಾಲೆಗೆ ಸುಗ್ರಾ ಎಂಬ ಹೊಸ ಇಂಗ್ಲಿಷ್ ಅಕ್ಕೋರು ಬಂದರು. ಇಂಡಿಯ ಗೈಬುಸಾಬರ ಮಗಳು. ಇಪ್ಪತ್ತನಾಲ್ಕು ವರ್ಷ, ಬೋರ್ಡಿನ ಮೇಲ್ತುದಿ ಮುಟ್ಟಬೇಕಾದರೆ ಸ್ಟೂಲು ಬೇಕು. ಎಂಟನೇ ಇಯತ್ತೆಯ ‘ಅ’ ವರ್ಗ ಗುರಲಿಂಗಪ್ಪನವರದು, ‘ಬ’ ವರ್ಗ ಆಕೆಯದು.

ಮೊದಲ ಎರಡು ತಿಂಗಳು ಮಾಸ್ತರರಿಗೆ ಏನೂ ಆಗಲಿಲ್ಲ. ಆಮೇಲೆ ಸಣ್ಣ ಸಣ್ಣದು ಕಣ್ಣಿಗೆ ಬೀಳತೊಡಗಿತು. ಜವಾನ ಬಸಣ್ಣ ಚಹಾ ತಂದರೆ ಮೊದಲ ಬಟ್ಟಲು ಆಕೆಯ ಮೇಜಿಗೆ ಹೋಗುತ್ತಿತ್ತು. ಬಾಗಿಲ ಹತ್ತಿರದ ಮೇಜು ಆಕೆಯದಾದ್ದರಿಂದ ಹಾಗೆ ಎಂದು ಅವರಿಗೂ ಗೊತ್ತಿತ್ತು, ಆದರೆ ಗೊತ್ತಿದ್ದದ್ದು ಉಪಯೋಗಕ್ಕೆ ಬರಲಿಲ್ಲ. ಮಕ್ಕಳು ಇಬ್ಬರಿಗೂ ನಮಸ್ಕಾರ ಹೇಳುತ್ತಿದ್ದರು. ಆಕೆಗೆ ಹೇಳುವಾಗ ನಿಂತು ಹೇಳುತ್ತಿದ್ದರು, ಇವರಿಗೆ ಹೇಳುವಾಗ ಓಡುತ್ತ ಹೇಳುತ್ತಿದ್ದರು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಿಜವಾದ ಪೆಟ್ಟು ಬಿತ್ತು. ಒಬ್ಬರ ವರ್ಗದ ಪೇಪರು ಇನ್ನೊಬ್ಬರು ತಿದ್ದುವ ಪದ್ಧತಿ. ಗುರಲಿಂಗಪ್ಪನವರು ಮನೆಯ ಕಟ್ಟೆಯ ಮೇಲೆ ಕೂತು ‘ಬ’ ವರ್ಗದ ಕಟ್ಟು ಬಿಚ್ಚಿದರು. ಎಷ್ಟು ಹೆಚ್ಚು ಎಂದು ತೋರಿಸಿ ಹೋಲಿಕೆಯ ವಾಕ್ಯ ಬರೆಯಿರಿ ಎಂಬ ಪ್ರಶ್ನೆಗೆ ಒಬ್ಬ ಹುಡುಗ, ತಮ್ಮ ಎಮ್ಮೆ ತಮ್ಮ ಕಾಕಾನಿಗಿಂತ ಫಾರ್ ಕ್ಲೆವರರ್ ಎಂದು ಬರೆದಿದ್ದ. ಮೋರಟಗಿಯ ಹುಡುಗಿಯೊಬ್ಬಳು, ತಮ್ಮೂರಿನ ಬಸ್ಸಿಗಿಂತ ತಮ್ಮ ಅಜ್ಜಿ ಎ ಲಿಟ್ಲ್ ಫಾಸ್ಟರ್ ಎಂದಿದ್ದಳು. ಇನ್ನೊಬ್ಬ, ಗಣಿತದ ಮಾಸ್ತರರ ಕೈ ಅವರ ಬಾಯಿಗಿಂತ ಮಚ್ ಕ್ವಿಕರ್ ಎಂದು ಬರೆದು, ಹೆದರಿ, ಮಾಸ್ತರರ ಹೆಸರು ಮಾತ್ರ ಹೊಡೆದು ಹಾಕಿದ್ದ.

ಮಾಸ್ತರರಿಗೆ ನಗು ಬಂತು. ನಕ್ಕದ್ದು ಅರಿವಾದೊಡನೆ ಸಿಟ್ಟು ಬಂತು. ಅವರ ‘ಅ’ ವರ್ಗದ ನಲವತ್ತೆರಡು ಮಕ್ಕಳು ಏನು ಬರೆದಿರುತ್ತಾರೆಂದು ಅವರಿಗೆ ಪೇಪರು ನೋಡದೆಯೂ ಗೊತ್ತಿತ್ತು. ರಾಮ ಈಸ್ ಮಚ್ ಟಾಲರ್ ದ್ಯಾನ್ ಕೃಷ್ಣ. ನಲವತ್ತೆರಡು ರಾಮ, ನಲವತ್ತೆರಡು ಕೃಷ್ಣ, ಒಬ್ಬನೂ ಒಂದು ಬೆರಳು ಬೆಳೆದಿರಲಿಲ್ಲ.

ಹೆಂಡತಿ ಶೇವಂತೆವ್ವ ಒಳಗಿನಿಂದ ಕೇಳಿದಳು, “ಯಾಕ್ರಿ, ಒಬ್ಬರ ನಗಾಕತ್ತೀರಲ್ಲ?”

“ನಗಾಕತ್ತಿಲ್ಲ. ಹೊಟ್ಟ್ಯಾಗ ಉರಿ ಎದ್ದೈತಿ.”

“ಮಜ್ಜಿಗಿ ಕೊಡ್ಲೇನು?”

“ಮಜ್ಜಿಗಿಗೆ ಹೋಗೂದಲ್ಲ ಇದು,” ಎಂದರು. ಆದರೂ ಕುಡಿದರು.

ಮರುದಿನದಿಂದ ಅವರ ಕಿವಿಯೆಲ್ಲ ‘ಬ’ ವರ್ಗದ ಗೋಡೆಗೆ ಅಂಟಿಕೊಂಡಿತು. ಅಲ್ಲಿಂದ ಟಣ್ ಟಣ್ ಎಂಬ ಸದ್ದು, ಉರುಳುವ ಸದ್ದು, ಮಕ್ಕಳ ಕೂಗು. ಬಸಣ್ಣನನ್ನು ಬದಿಗೆ ಕರೆದರು.

“ಏನೋ ಬಸಣ್ಣ, ಏನ್ ಗದ್ದಲ ಅದು?”

“ನಿಂಬಿಹಣ್ಣು ಉಳ್ಳಸಾಕತ್ತಾರ್ರಿ.”

“ಸಾಲ್ಯಾಗ ಉಪ್ಪಿನಕಾಯಿ ಹಾಕ್ತಾರೇನು?”

“ಗೊತ್ತಿಲ್ರಿ. ಸಣ್ಣ ಹುಡುಗರ ಹಿತ್ತಾಳಿ ಬಳಿನೂ ತಂದಾರ. ಅಕ್ಕೋರು ಭಾಳ ಚಲೋ ಹೇಳ್ತಾರ ನೋಡ್ರಿ. ನಾನೂ ಕಿಡಕಿಯಿಂದ ಎರಡು ಶಬ್ದ ಕಲತೆ.”

ಇಪ್ಪತ್ತು ವರ್ಷ ಬಸಣ್ಣ ಗುರಲಿಂಗಪ್ಪನವರ ವರ್ಗದ ಹೊರಗೆ ಸ್ಟೂಲು ಹಾಕಿಕೊಂಡು ಕೂತಿದ್ದ. ಅಲ್ಲಿ ಅವನು ಕಲಿತದ್ದು ಕೂತಲ್ಲೇ ನಿದ್ದೆ ಮಾಡುವುದು. ಮಾಸ್ತರರ ಹೊಟ್ಟೆಕಿಚ್ಚು ಬೆಳಿಗ್ಗೆ ಸ್ಲೈಟ್ಲಿ ಇದ್ದದ್ದು ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಮಚ್ ಎಂಬ ಮೆಟ್ಟಿಲಿಗೆ ಬಂದು ಏದುಸಿರು ಬಿಡುತ್ತಿತ್ತು.

ನೆಟ್ಟಗೆ ಹೆಡ್‌ಮಾಸ್ತರ ರಾವಸಾಬರ ಕೋಣೆಗೆ ಹೋದರು. ರಾವಸಾಬರಿಗೆ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಆ ಒಂದು ವರ್ಷ ಯಾವ ನಿರ್ಣಯವನ್ನೂ ತೆಗೆದುಕೊಳ್ಳಬಾರದೆಂಬುದು ಅವರು ತೆಗೆದುಕೊಂಡ ಕೊನೆಯ ನಿರ್ಣಯ.

“ಸಾಲಿ ತುಂಬ ಹುಳಿ ವಾಸನಿ ಆಗೇತ್ರಿ,” ಎಂದರು ಗುರಲಿಂಗಪ್ಪ.

“ಹೌದ? ನನಗ ನೆಗಡಿ ಆಗೇತಿ, ತಿಳೀಲಿಲ್ಲ. ಚಲೋ ಆತು ನೀವ ಬಂದ್ರಿ. ಬಾಗೇವಾಡಿ ಸಭಾಕ್ಕ ಮಾದರಿ ಪಾಠದ್ದು ಹೆಸರು ಕೇಳ್ಯಾರ. ನಮ್ಮ ಸಾಲಿಂದ ಒಂದ ಹೆಸರು ಕಳಸಬೇಕು. ಈ ಸಲ ನಿಮ್ಮ ಹೆಸರೋ, ಅಕ್ಕೋರ ಹೆಸರೋ?”

ಇಂಥ ಪ್ರಶ್ನೆಯೊಂದು ಹುಟ್ಟಬಹುದೆಂದು ಮಾಸ್ತರರು ಕನಸಿನಲ್ಲೂ ಎಣಿಸಿರಲಿಲ್ಲ. “ಅದರಾಗ ವಿಚಾರ ಮಾಡೂದು ಏನೈತ್ರಿ?” ಎಂದರು.

“ಏನಿಲ್ಲ, ಏನಿಲ್ಲ. ನೀವ ಹಿರಿಯಾರು. ಆಕಿ ಪಾಠ ಒಮ್ಮೆ ಕುಂತು ನೋಡ್ರಿ, ವಹ್ಯಾಗ ನಾಲ್ಕ ಸಾಲು ಅಭಿಪ್ರಾಯ ಬರೀರಿ. ಹೆಸರೂ ನೀವ ಬರದು ಶನಿವಾರ ಲಕೋಟಿ ನನ್ನ ಕೈಯಾಗ ಕೊಡ್ರಿ. ನಾ ಸಹಿ ಮಾಡಿಬಿಡ್ತೇನಿ.”

ಹೀಗೆ ತೀರ್ಪು ಕಕ್ಷಿದಾರನ ಕೈಗೇ ಬಂತು. ಅಂದೇ ಮಾಸ್ತರರು ಚೆಂದದ ಅಕ್ಷರದಲ್ಲಿ ತಮ್ಮ ಹೆಸರು ಬರೆದು ಲಕೋಟೆಗೆ ಹಾಕಿ, ಅಂಟಿಸಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಪಾಠ ನೋಡುವುದು ಬಾಕಿಯಿತ್ತು. ಅದು ನ್ಯಾಯಕ್ಕೆ ಬಿಟ್ಟ ವಿಷಯ, ನಾಳೆ ನೋಡಿದರಾಯಿತು.

ಸಂಜೆ ಶೇವಂತೆವ್ವ ಕೇಳಿದಳು, “ಬಾಗೇವಾಡಿದು ಬಂತಲ್ಲ. ಕೋಟ ಬಿಸಿಲಿಗೆ ಹಾಕ್ಲೇನ್ರಿ?”

“ಹಾಕು, ಹಾಕು,” ಎಂದರು. ಅವಸರದಲ್ಲಿ ಎರಡು ಸಲ ಹೇಳಿದರು.

ಮರುದಿನ ‘ಬ’ ವರ್ಗದ ಹಿಂದಿನ ಬಾಕಿನ ಮೇಲೆ ಗುರಲಿಂಗಪ್ಪನವರು ವಹಿ ಬಿಚ್ಚಿ ಕೂತರು. ಪಾಠ ಸುರುವಾಗುವ ಮೊದಲೇ ‘ವಾಸನೆ’ ಎಂದು ಬರೆದಾಗಿತ್ತು. ಅದರ ಕೆಳಗೆ ‘ಗದ್ದಲ’ ಎಂದು ಬರೆದು, ಗದ್ದಲಕ್ಕಾಗಿ ಕಾದರು.

ಸುಗ್ರಾ ಬುಟ್ಟಿಯಿಂದ ಬೊಗಸೆ ತುಂಬ ನಿಂಬೆಹಣ್ಣು ತೆಗೆದು ಮೇಜಿನ ಮೇಲೆ ಹರಡಿದರು. ಪಕ್ಕದಲ್ಲಿ ಕೂಸುಗಳು ಹಾಕುವ ಹಿತ್ತಾಳೆಯ ಬಳೆಗಳು. ಇಂಡಿಯಲ್ಲಿ ನಿಂಬೆಹಣ್ಣಿನ ವಖಾರಿಯಲ್ಲಿ ಹಣ್ಣು ಆರಿಸುವ ಹೆಣ್ಣುಮಕ್ಕಳ ರೀತಿ ಅದು. ಸೊಲ್ಲಾಪುರಕ್ಕೆ ಹೋಗುವ ಹಣ್ಣು, ಊರಲ್ಲೇ ಉಳಿಯುವ ಹಣ್ಣು, ಎಲ್ಲಕ್ಕೂ ಅಳತೆಯ ಬಳೆ. ಆಕೆಯ ತಾಯಿ ಹದಿನೆಂಟು ವರ್ಷ ಅಂಥ ವಖಾರಿಯಲ್ಲಿ ಕೂತವರು.

ಮಕ್ಕಳ ಕೈಗೆ ಹಣ್ಣು ಬಂತು. ಬಳೆಯೊಳಗಿಂದ ಹಣ್ಣು ಸೊರ್ರನೆ ಬಿದ್ದರೆ ಅದು ಬಳೆಗಿಂತ ಮಚ್ ಸ್ಮಾಲರ್. ಅಂಚನ್ನು ಸವರಿಕೊಂಡು ಇಳಿದರೆ ಸ್ಲೈಟ್ಲಿ ಸ್ಮಾಲರ್. ಅರ್ಧಕ್ಕೆ ಸಿಕ್ಕಿಬಿದ್ದರೆ ಸ್ಲೈಟ್ಲಿ ಬಿಗರ್. ಬಾಗಿಲಲ್ಲೇ ಕೂತು ಒಳಗೆ ಬರಲು ಒಲ್ಲೆನೆಂದರೆ ಫಾರ್ ಬಿಗರ್. ಮಕ್ಕಳು ಶಬ್ದವನ್ನು ಬಾಯಿಪಾಠ ಮಾಡುತ್ತಿರಲಿಲ್ಲ. ಬೆರಳಿಗೆ ತಾಗಿದ್ದು ಬಾಯಿಗೆ ಬರುತ್ತಿತ್ತು. ಮಾಸ್ತರರು ‘ಗದ್ದಲ’ದ ಕೆಳಗೆ ಮೂರನೆಯ ದೋಷ ಬರೆಯಲು ಪೆನ್ನು ಎತ್ತಿದರು. ಪೆನ್ನು ಎತ್ತಿದಂತೆಯೇ ಉಳಿಯಿತು. ಇಷ್ಟು ಸರಳವಾದದ್ದು ತನಗೆ ಯಾಕೆ ಹೊಳೆಯಲಿಲ್ಲ ಎಂಬ ಸಂಕಟ ಎದೆಯಲ್ಲಿ ಎದ್ದು, ನಿಂಬೆಹಣ್ಣಿನಂತೆಯೇ ಅರ್ಧಕ್ಕೆ ಸಿಕ್ಕಿಬಿತ್ತು. ಅವರ ಮನೆಯಲ್ಲೂ ನಿಂಬೆಹಣ್ಣಿತ್ತು. ಬಳೆಯೂ ಇತ್ತು.

ಹುಚ್ಚವ್ವ ಎಂಬ ಹುಡುಗಿ ಒಂದು ಹಣ್ಣು ಹಿಡಿದು ಅವರ ಬಾಕಿನ ಹತ್ತಿರ ಬಂದಳು. “ಸರ್, ಇದು ಬಳಿಗಿಂತ ಹೆಂಗೈತಿ? ನೀವ್ ಹೇಳ್ರಿ.”

ಮಾಸ್ತರರು ಕನ್ನಡಕ ಸರಿಮಾಡಿ ನೋಡಿದರು. “ಮಚ್ ಬಿಗರ್,” ಎಂದರು, ಇಪ್ಪತ್ತು ವರ್ಷದ ಅಧಿಕಾರದಿಂದ.

ಹುಚ್ಚವ್ವ ಹಣ್ಣನ್ನು ಬಳೆಯೊಳಗೆ ಬಿಟ್ಟಳು. ಅದು ಎಲ್ಲಿಯೂ ತಾಗದೆ ಕೆಳಗಿಳಿದು ಮಾಸ್ತರರ ತೊಡೆಯ ಮೇಲೆ ಬಿತ್ತು.

ಇನ್ನೊಂದು ಕ್ಷಣಕ್ಕೆ ನಲವತ್ತು ಬಾಯಿ ನಗುವುದಿತ್ತು. ಅಷ್ಟರಲ್ಲಿ ಸುಗ್ರಾ, ಏನೂ ಆಗಿಲ್ಲವೆಂಬಂತೆ, “ಕಣ್ಣಿಗೆ ಹಂಗ ಕಾಣ್ತೈತಿ ನೋಡ್ರಿ. ನಮ್ಮ ಅಮ್ಮಾನೂ ವಖಾರ್ಯಾಗ ಮೊದಲನೇ ದಿನಾ ಹಿಂಗ ಹೇಳಿದ್ದಳಂತ. ಅದಕ್ಕ ಕೈಲೆ ನೋಡಬೇಕು. ಸೋಮನಿಂಗ, ನೀ ಹೇಳಪಾ ಮುಂದಿಂದು,” ಎಂದರು. ಹುಡುಗರ ಗಮನ ಸೋಮನಿಂಗನ ಕಡೆಗೆ ಹೊರಳಿತು. ನಗು ಹುಟ್ಟಲೇ ಇಲ್ಲ.

ಗಂಟೆ ಹೊಡೆದು ಮಕ್ಕಳು ಹೋದ ಮೇಲೆ ಮಾಸ್ತರರು ತೊಡೆಯ ಮೇಲಿನ ಹಣ್ಣನ್ನು ಬುಟ್ಟಿಗೆ ಹಾಕಿದರು. ಒಂದು ತಪ್ಪನ್ನಾದರೂ ಹಿಡಿಯದೆ ಹೊರಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲ.

“ಅಲ್ಲ ಅಕ್ಕೋರ, ಇಬ್ಬರ ಹುಡುಗರನ್ನ ನಿಂದ್ರಿಸಿದ್ರ ಮುಗೀತಿತ್ತು. ಇಷ್ಟ ಹಣ್ಣು ಹೊತ್ತು ತರೂ ಗೋಜು ಯಾಕ?”

“ನಿಂಬಿಹಣ್ಣಿಗೆ ಸಣ್ಣದು ಅಂದ್ರ ಏನೂ ಅನಸೂದಿಲ್ರಿ ಸರ್,” ಎಂದರು ಸುಗ್ರಾ, ಬಳೆಗಳನ್ನು ದಾರಕ್ಕೆ ಪೋಣಿಸುತ್ತ.

ಮಾಸ್ತರರಿಗೆ ಅರ್ಥವಾಗಲಿಲ್ಲ.

“ಹನ್ನೊಂದು ವರ್ಷದ ಹಿಂದ ಇಂಡ್ಯಾಗ ಸಭಾ ಆಗಿತ್ತಲ್ರಿ. ನೀವು ಕರಿ ಕೋಟ ಹಾಕ್ಕೊಂಡು ಬಂದಿದ್ರಿ. ಎಂಟನೇತ್ತದ ಹುಡುಗರನ್ನ ಕೊಟ್ಟಿದ್ರಲ್ಲ, ಅದರಾಗ ನಾನೂ ಇದ್ದೆ. ಕಾಶಿಬಾಯಿ ಅಂತ ಉದ್ದನ್ನ ಹುಡುಗಿ. ಆಕಿ ಬಾಜೂಕ ನನ್ನ ನಿಂದ್ರಿಸಿದ್ರಿ. ಕಾಶಿಬಾಯಿ ಈಸ್ ಫಾರ್ ಟಾಲರ್ ದ್ಯಾನ್ ಸುಗ್ರಾ, ಅಂದ್ರಿ. ಭಾಳ ಮಂದಿ ನಕ್ಕರು.”

ಆಕೆ ಬೇಜಾರಿನಿಂದ ಹೇಳುತ್ತಿರಲಿಲ್ಲ. ಹಾಗೆ ಹೇಳಿದ್ದರೆ ಮಾಸ್ತರರಿಗೆ ಸುಲಭವಾಗುತ್ತಿತ್ತು, ತಿರುಗಿ ಸಿಟ್ಟು ಮಾಡಬಹುದಿತ್ತು.

“ಎಸ್ಸೆಸ್ಸೆಲ್ಸಿ ಮುಗಿಯೂ ತನಕ ಸಾಲ್ಯಾಗ ನನಗ ಫಾರ್ ಸುಗ್ರಾ ಅಂತಿದ್ರು. ಆದ್ರ ಒಂದು ಖರೇ ಸರ್, ಆ ಶಬ್ದ ಮಾತ್ರ ಮತ್ತ ನಾ ಎಂದೂ ಮರೀಲಿಲ್ಲ. ಮೆಟ್ಟಲಾ ನಿಮ್ಮವ ನೋಡ್ರಿ.”

ಬೋರ್ಡಿನ ಮೂಲೆಯಲ್ಲಿ ಐದು ಮೆಟ್ಟಿಲು ಇದ್ದವು. ವೆರಿ ಹೊರಗೆ ಅಡ್ಡಗೆರೆ ಹೊತ್ತು ನಿಂತಿತ್ತು. ಇಡೀ ಒಂದು ತಾಸು ಗುರಲಿಂಗಪ್ಪನವರು ಅದನ್ನು ಕಂಡೇ ಇರಲಿಲ್ಲ. ಕಣ್ಣೆಲ್ಲ ನಿಂಬೆಹಣ್ಣಿನ ಮೇಲಿತ್ತು.

ಮನೆಗೆ ನಡೆಯುವಾಗ ಎಣಿಸಿದರು. ಹನ್ನೆರಡು ಸಭೆ, ಹನ್ನೆರಡು ಗಿಡ್ಡ ಮಕ್ಕಳು. ಒಬ್ಬರ ಹೆಸರೂ ನೆನಪಿರಲಿಲ್ಲ, ಸಭೆ ಎಷ್ಟು ಹೊತ್ತು ನಕ್ಕಿತೆಂಬುದು ಮಾತ್ರ ನೆನಪಿತ್ತು. ಮುದ್ದೇಬಿಹಾಳದಲ್ಲಿ ಒಬ್ಬ ಹುಡುಗ ಹಿಮ್ಮಡಿ ಎತ್ತಿ ಉದ್ದವಾಗಲು ನೋಡಿದ್ದ. ಅವನ ಭುಜ ಒತ್ತಿ ಕೆಳಗಿಳಿಸಿದ್ದು ತಾವೇ. ಅದಕ್ಕೆ ಸಭೆ ಎರಡನೆಯ ಸಲ ನಕ್ಕಿತ್ತು.

ಪಶ್ಚಾತ್ತಾಪ ಬಂದೊಡನೆ ಹೊಟ್ಟೆಕಿಚ್ಚು ಎದ್ದು ಜಾಗ ಬಿಡುತ್ತದೆಂದು ತಿಳಿದವರಿದ್ದಾರೆ. ಗುರಲಿಂಗಪ್ಪನವರ ಅನುಭವ ಬೇರೆ. ಎರಡೂ ಒಂದೇ ಬಾಕಿನ ಮೇಲೆ ತುಸು ಸರಿದು ಕೂತವು. ಆಕೆಯ ಪಾಠ ಚಲೋ ಎಂಬ ಉರಿಗೆ, ಆಕೆಯ ಮನಸ್ಸೂ ಚಲೋ ಎಂಬ ಹೊಸ ಉರಿ ಸೇರಿತು. ತಮ್ಮನ್ನು ನಗೆಗೀಡು ಮಾಡುವ ಅವಕಾಶ ಕೈಗೆ ಬಂದಾಗ ಆಕೆ ಬಿಟ್ಟುಕೊಟ್ಟದ್ದು ಅವರನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. ತಾವಾದರೆ ಬಿಡುತ್ತಿರಲಿಲ್ಲ.

ಶುಕ್ರವಾರ ಸಂಜೆ ವಹಿ ತೆರೆದು ಕೂತರು. ‘ವಾಸನೆ’, ‘ಗದ್ದಲ’ ಎರಡನ್ನೂ ಹೊಡೆದು ಹಾಕಿದರು. ಇಂಗ್ಲಿಷಿನಲ್ಲಿ, ಈ ಪಾಠ ನನ್ನ ಪಾಠಕ್ಕಿಂತ ಬೆಟರ್ ಎಂದು ಬರೆದು, ಬೆಟರ್ ಮುಂದೆ ಜಾಗ ಬಿಟ್ಟರು. ಆ ಜಾಗದಲ್ಲಿ ಏನು ಬರೆಯಬೇಕೆಂಬುದನ್ನು ನಾಲ್ಕು ತಾಲೂಕಿನಲ್ಲಿ ಅವರಿಗಿಂತ ಬಲ್ಲವರಿರಲಿಲ್ಲ. ಫಾರ್ ಎಂಬುದಕ್ಕೆ ಕೈ ಏಳಲಿಲ್ಲ. ಮಚ್‌ನ ಮೊದಲ ಅಕ್ಷರ ಬರೆದು, ಅದರ ಮೇಲೆ ಮಸಿ ಚೆಲ್ಲಿತೆಂಬಂತೆ ಒಂದು ಚುಕ್ಕೆ ಬಿಡಿಸಿದರು. ಕೊನೆಗೆ ‘ಸ್ಲೈಟ್ಲಿ’ ಎಂದು ಬರೆದು ವಹಿ ಮುಚ್ಚಿದರು. ಕೆಳಗಿನ ಮೆಟ್ಟಿಲಾದರೂ ಮೆಟ್ಟಿಲೇ.

ಆಮೇಲೆ ಕಿಸೆಯ ಲಕೋಟೆ ತೆಗೆದರು. ಮೂರು ದಿನ ಬೆವರಿಗೆ ಸಿಕ್ಕು ಅದು ಮೆತ್ತಗಾಗಿತ್ತು, ಹರಿಯಲು ಶಬ್ದವೂ ಬರಲಿಲ್ಲ. ಹೊಸ ಹಾಳೆಯ ಮೇಲೆ ಸುಗ್ರಾ ಗೈಬುಸಾಬ ಎಂದು ಬರೆದರು. ಅಕ್ಷರ ಮೊದಲಿನಷ್ಟು ಚೆಂದ ಬರಲಿಲ್ಲ.

ಅಂಗಳದ ತಂತಿಯ ಮೇಲಿನ ಕೋಟನ್ನು ಶೇವಂತೆವ್ವ ತಿರುವಿ ಹಾಕುತ್ತಿದ್ದಳು. “ಕೋಟ ತೆಗದ ಇಡು,” ಎಂದರು.

ಆಕೆ ಹರಿದ ಲಕೋಟೆಯನ್ನೂ ಗಂಡನ ಮುಖವನ್ನೂ ನೋಡಿದಳು. “ಸಭಾಕ್ಕ ಹೋಗೂದಿಲ್ಲೇನು?”

“ಹೋಗ್ತೇನಿ. ಪಾಠ ನಂದಲ್ಲ.”

“ಕೇಳಾಕ ಹೋಗಾವ್ರಿಗೆ ಥಂಡಿ ಹತ್ತೂದಿಲ್ಲೇನು? ಇರ್ಲಿ ಬಿಸಿಲಾಗ,” ಎಂದು ಕೋಟಿನ ತೋಳು ಸರಿಮಾಡಿದಳು.

ಎರಡು ವಾರದ ಮೇಲೆ, ಸಭೆಯ ದಿನ, ಬಾಗೇವಾಡಿಯ ಬಸ್ಸಿನಲ್ಲಿ ಸುಗ್ರಾ ಮುಂದಿನ ಹೆಂಗಸರ ಸೀಟಿನಲ್ಲಿ ಕೂತರು. ಜಾಗವಿಲ್ಲದ್ದರಿಂದ ಬುಟ್ಟಿ ಗುರಲಿಂಗಪ್ಪನವರ ತೊಡೆಗೆ ಬಂತು. ಡಾಂಬರ ಗುಳಿಗೆಯ ವಾಸನೆಗೆ ನಿಂಬೆಯ ವಾಸನೆ ಸೇರಿ ಪಕ್ಕದ ಪ್ರಯಾಣಿಕ ಎರಡು ಸಲ ಸೀನಿದ. ಒಂದು ಕುಲುಕಾಟಕ್ಕೆ ನಾಲ್ಕು ಹಣ್ಣು ಹೊರಗೆ ಹಾರಿದವು. ಬಿದ್ದದ್ದು ಬಿದ್ದಿರಲಿ ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ಕೋಟಿನ ಅಂಚು ಮಡಚಿ ಬಗ್ಗಿ, ಜನರ ಕಾಲಿನ ನಡುವಿನಿಂದ ನಾಲ್ಕನ್ನೂ ಆರಿಸಿದರು.

ಪಾಠ ಸಾಗಿತು. ಎರವಲು ಮಕ್ಕಳು ಮೊದಲು ಗೋಣು ತಗ್ಗಿಸಿ ಕೂತಿದ್ದರು; ಬಳೆ ಕೈಗೆ ಬಂದ ಮೇಲೆ ಬಾಕು ಬಿಟ್ಟು ಎದ್ದರು. ಮುಂದಿನ ಸಾಲಿನ ತುದಿಯಲ್ಲಿ ಒಬ್ಬ ಗಿಡ್ಡ ಹುಡುಗನಿದ್ದ. ಹನ್ನೆರಡು ವರ್ಷದ ಅಭ್ಯಾಸಕ್ಕೆ ಮಾಸ್ತರರ ಕಣ್ಣು ಬಂದೊಡನೆ ಅವನನ್ನು ಆರಿಸಿಬಿಟ್ಟಿತ್ತು. ಅವನು ಅತಿ ದೊಡ್ಡ ಹಣ್ಣು ಹಿಡಿದು, ಫಾರ್ ಬಿಗರ್ ಎಂದು ಎಲ್ಲರಿಗಿಂತ ಜೋರಾಗಿ ಹೇಳಿ ಕೂತ. ಯಾರೂ ನಗಲಿಲ್ಲ. ಸಭೆ ನಗದೆಯೂ ಪಾಠ ಗೆಲ್ಲುತ್ತಿರುವುದನ್ನು ಮಾಸ್ತರರು ಕರಿ ಕೋಟಿನಲ್ಲಿ ಬೆವರುತ್ತ ನೋಡಿದರು.

ಇನ್‌ಸ್ಪೆಕ್ಟರ್ ಸಾಹೇಬರು ಎದ್ದು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ಹೇಳಿ, ಗುರಲಿಂಗಪ್ಪನವರ ಕಡೆಗೆ ತಿರುಗಿ ನಕ್ಕರು. ಗುರಲಿಂಗಪ್ಪನವರೂ ನಕ್ಕರು. ಅಷ್ಟು ಕಷ್ಟಪಟ್ಟು ಅವರು ಜನ್ಮದಲ್ಲಿ ನಕ್ಕಿರಲಿಲ್ಲ.

ಮರುದಿನ ರವಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಶೇವಂತೆವ್ವ, ಅವರು ಬುಟ್ಟಿಯಿಂದ ತಂದ ಎರಡು ಹಣ್ಣಿನಲ್ಲಿ ಒಂದನ್ನು ಹೆಚ್ಚಿ ತಾಟಿನ ಬದಿಗೆ ಇಟ್ಟಳು.

“ಹೆಂಗಾತ್ರಿ ಅಕ್ಕೋರ ಪಾಠ? ನಿಮ್ಮ ಪಾಠಕ್ಕಿಂತ ಚಲೋ ಆತೇನು?”

“ತುಸು.”

“ತುಸು?”

ಮಾಸ್ತರರು ನಿಂಬೆಹೋಳನ್ನು ಅನ್ನದ ಮೇಲೆ ಹಿಂಡಿದರು. ರಸ ಮುಗಿದ ಮೇಲೂ ಹಿಂಡಿದರು.

“ಸಾಹೇಬರು ಮಚ್ ಬೆಟರ್ ಅಂದ್ರು,” ಎಂದರು ಕೊನೆಗೆ.

“ಹಂಗಂದ್ರ?”

“ಭಾಳ ಚಲೋ ಅಂತ.”

ಶೇವಂತೆವ್ವ ಇನ್ನೊಂದು ಸೌಟು ಸಾರು ಬಡಿಸಿದಳು. ಮಾಸ್ತರರು ಎರಡು ತುತ್ತು ಉಂಡರು. ಆಮೇಲೆ ತಾಟಿನಿಂದ ತಲೆಯೆತ್ತದೆ ಹೇಳಿದರು:

“ಫಾರ್ ಅನ್ನಲಿಲ್ಲ.”